ಮಗುವಿನ ಐಕ್ಯೂ ಪರೀಕ್ಷೆಗೆ ಮೊದಲು, ಪರೀಕ್ಷೆ ಮಾಡುವವರು ಯಾರು ಅಂತ ನೋಡಿ: ಮಲೆನಾಡಿನ ಪೋಷಕರಿಗೊಂದು ಮಾರ್ಗದರ್ಶಿ

"ಮಗಳಿಗೆ ಇನ್ನೂ ನಾಲ್ಕು ವರ್ಷ, ಆಗಲೇ ಪೇಪರ್ ಓದ್ತಾಳೆ. ಐಕ್ಯೂ ಟೆಸ್ಟ್ ಎಲ್ಲಿ ಮಾಡಿಸೋದು?" "ಮಗ ಮಂಡಿಯ ಅಡಿಕೆ ಲೆಕ್ಕ ಬಾಯಲ್ಲೇ ಮಾಡ್ತಾನೆ. ಶಾಲೆಯಲ್ಲಿ ಮಾತ್ರ ಬೇಜಾರು ಅಂತಾನೆ. ಶಿವಮೊಗ್ಗದಲ್ಲಿ ಯಾರಿಗೆ ತೋರಿಸಲಿ?" ತೀರ್ಥಹಳ್ಳಿಯಿಂದ, ಸಾಗರದಿಂದ, ಕೊಪ್ಪದಿಂದ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಎಲ್ಲರೂ ಕೇಳುವುದು "ಎಲ್ಲಿ" ಅಂತ. ಮೊದಲು ಕೇಳಬೇಕಾದದ್ದು "ಯಾರು" ಅಂತ. ಯಾಕೆಂದರೆ ನಮ್ಮ ದೇಶದಲ್ಲಿ "ಪ್ರತಿಭಾವಂತ ಮಕ್ಕಳ ಪರೀಕ್ಷಕ" ಅನ್ನುವ ಪ್ರತ್ಯೇಕ ಲೈಸೆನ್ಸ್ ಇಲ್ಲ. "ಗಿಫ್ಟೆಡ್ ಚೈಲ್ಡ್ ಸ್ಪೆಷಲಿಸ್ಟ್" ಅಂತ ಯಾರು ಬೇಕಾದರೂ ಬೋರ್ಡ್ ಬರೆಸಿಕೊಳ್ಳಬಹುದು. ಹಾಗಾಗಿ ಓದು, ನೋಂದಣಿ, ಪರೀಕ್ಷೆ ಮಾಡುವ ತರಬೇತಿ, ಇಂಥ ಮಕ್ಕಳ ಜೊತೆಗಿನ ಅನುಭವ, ಇವನ್ನೆಲ್ಲ ನೀವೇ ಬಿಡಿಬಿಡಿಯಾಗಿ ನೋಡಬೇಕು. ಕಷ್ಟವೇನಲ್ಲ. ಒಂದು ಫೋನ್ ಕರೆ, ಒಂದು ಅರ್ಧ ಗಂಟೆ ಇಂಟರ್ನೆಟ್ ಸಾಕು.

1. ಪರೀಕ್ಷೆ ಯಾಕೆ ಬೇಕು, ಮೊದಲು ಅದು ಗೊತ್ತಿರಲಿ

ಸುಮ್ನೆ ಕುತೂಹಲಕ್ಕಾದರೆ ಬೇಡ. ಮಗುವನ್ನು ಒಂದು ತರಗತಿ ಮುಂದಕ್ಕೆ ಹಾಕಬೇಕೇ? ಚುರುಕಾಗಿದ್ದರೂ ಬರವಣಿಗೆಯಲ್ಲಿ ಯಾಕೆ ಹಿಂದೆ? ಗಲಾಟೆ ಮಾಡುವುದು ಬೇಜಾರಿಗೋ, ಬೇರೆ ತೊಂದರೆಗೋ? ಇಂಥ ಒಂದು ಪ್ರಶ್ನೆ ನಿಮ್ಮ ಕೈಯಲ್ಲಿದ್ದರೆ ಪರೀಕ್ಷೆಗೆ ಅರ್ಥ ಇದೆ. ಆ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಯಾರ ಹತ್ತಿರ ಹೋಗಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಆರು ವರ್ಷದೊಳಗಿನ ಮಕ್ಕಳ ಅಂಕ ಅಷ್ಟಾಗಿ ಸ್ಥಿರವಲ್ಲ. ಇವತ್ತು ಒಂದು ಬಂದರೆ ಎರಡು ವರ್ಷ ಬಿಟ್ಟು ಇನ್ನೊಂದು ಬರಬಹುದು. ಅವಸರ ಇಲ್ಲದಿದ್ದರೆ ಕಾಯಿರಿ.

2. ಬೋರ್ಡಿನ ಮೇಲಿನ ಹೆಸರು ಬಿಡಿಸಿ ಓದಿ

ಎಲ್ಲರನ್ನೂ ನಾವು "ಡಾಕ್ಟ್ರು" ಅಂತಲೇ ಕರೆಯುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು. ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿಯಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದವರು. ಔಷಧಿ ಬರೆಯಬಲ್ಲರು. ಐಕ್ಯೂ ಪರೀಕ್ಷೆಯನ್ನು ಇವರು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಸೈಕಾಲಜಿಸ್ಟ್ ಹತ್ತಿರ ಕಳಿಸುತ್ತಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್. ಸಾಮಾನ್ಯವಾಗಿ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಆಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಮಾಡಿದವರು. ಆ ಎರಡು ವರ್ಷ ಬರೀ ಪುಸ್ತಕ ಓದುವುದಲ್ಲ. ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ಪರೀಕ್ಷೆ ಮಾಡಿ, ವರದಿ ಬರೆದು, ತಿದ್ದಿಸಿಕೊಂಡಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಹೇಳುವಾಗ ಈ ಮೇಲ್ವಿಚಾರಣೆಯ ತರಬೇತಿಯನ್ನು ಸೇರಿಸಿಯೇ ಹೇಳುತ್ತದೆ.

ಸ್ಪೆಷಲ್ ಎಜುಕೇಟರ್, ಅಂದರೆ ವಿಶೇಷ ಶಿಕ್ಷಕರು. ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಪಾಠ ಹೇಳುವುದರಲ್ಲಿ ಪಳಗಿದವರು. ಓದು, ಬರಹ, ಲೆಕ್ಕದ ಮಟ್ಟ ನೋಡಬಲ್ಲರು. ಐಕ್ಯೂ ವರದಿಗೆ ಸಹಿ ಹಾಕುವುದು ಇವರ ಕೆಲಸವಲ್ಲ.

ಕೌನ್ಸೆಲರ್. ಈ ಹೆಸರಿನ ಹಿಂದೆ ಎಂ.ಎಸ್ಸಿ ಸೈಕಾಲಜಿಯೂ ಇರಬಹುದು, ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇರಬಹುದು, ಮೂರು ತಿಂಗಳ ಆನ್‌ಲೈನ್ ಕೋರ್ಸೂ ಇರಬಹುದು. ಕೇಳದೆ ತಿಳಿಯುವುದಿಲ್ಲ.

ಇನ್ನು ಹೆಸರಿನ ಮುಂದಿನ "ಡಾ." ಪಿಎಚ್‌.ಡಿ ಯಾವ ವಿಷಯದಲ್ಲಿ ಅಂತ ಕೇಳಿ. ಗೌರವ ಡಾಕ್ಟರೇಟ್ ಆದರೆ ಅದು ಸನ್ಮಾನ, ಓದಲ್ಲ.

ಎಂ.ಎ., ಎಂ.ಎಸ್ಸಿ ಮಾತ್ರ ಮಾಡಿದವರು ಪರೀಕ್ಷೆ ಮಾಡಲೇಬಾರದೇ? ಹಾಗೇನಿಲ್ಲ. ಶೈಕ್ಷಣಿಕ ಮನಃಶಾಸ್ತ್ರದಲ್ಲಿ ವರ್ಷಗಟ್ಟಲೆ ಮಕ್ಕಳ ಜೊತೆಗೇ ಇದ್ದು, ಒಳ್ಳೆಯ ಗುರುಗಳ ಕೈಕೆಳಗೆ ಪಳಗಿದವರಿದ್ದಾರೆ. ಆದರೆ ಅಂಥವರ ವಿಷಯದಲ್ಲಿ ಮುಂದಿನ ಪ್ರಶ್ನೆಗಳನ್ನು ಇನ್ನೂ ಗಟ್ಟಿಯಾಗಿ ಕೇಳಿ.

3. ಆರ್‌ಸಿಐ ನೋಂದಣಿ ನೋಡಿ

ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯಡಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಹೆಸರು ಇದರ ಕೇಂದ್ರೀಯ ಪಟ್ಟಿಯಲ್ಲಿ ಇರಬೇಕು. "ನನ್ನ ಮಗು ಚುರುಕು, ಪುನರ್ವಸತಿಗೂ ನಮಗೂ ಏನು ಸಂಬಂಧ?" ಅಂತ ಕೇಳುವವರಿದ್ದಾರೆ. ನಿಜ, ಪ್ರತಿಭಾವಂತ ಮಕ್ಕಳಿಗೂ ಈ ಪರಿಷತ್ತಿಗೂ ನೇರ ಸಂಬಂಧ ಇಲ್ಲ. ಆದರೆ ಪರೀಕ್ಷೆ ಮಾಡುವವರು ನಿಜವಾಗಿ ಓದಿದ್ದಾರಾ ಅಂತ ಹೊರಗಿನವರೊಬ್ಬರು ತಪಾಸಣೆ ಮಾಡಿರುವ ಜಾಗ ಅದು. ಹಾಗಾಗಿ ನಮಗೆ ಅದು ಒಳ್ಳೆಯ ಆಧಾರ.

ಮಾಡಬೇಕಾದ್ದು ಇಷ್ಟೇ. ಫೋನ್ ಮಾಡಿ, "ಮೇಡಂ, ನಿಮ್ಮ ಆರ್‌ಸಿಐ ನಂಬರ್ ಸ್ವಲ್ಪ ಹೇಳ್ತೀರಾ? ಶಾಲೆಗೆ ಕೊಡೋ ವರದಿ, ಅದಕ್ಕೆ ಕೇಳ್ತಿದೀನಿ" ಅನ್ನಿ. ಮಲೆನಾಡಿನವರಿಗೆ ಹೀಗೆ ಕೇಳುವುದು ಸಂಕೋಚ, ಎದುರಿಗಿದ್ದವರಿಗೆ ಅವಮಾನ ಮಾಡಿದ ಹಾಗೆ ಅನ್ನಿಸುತ್ತದೆ. ಅನ್ನಿಸಬೇಕಿಲ್ಲ. ಸರಿಯಾಗಿ ಓದಿದವರು ನಂಬರನ್ನು ವರದಿಯ ಕೊನೆಯಲ್ಲಿ ಸಹಿಯ ಕೆಳಗೆ ತಾವಾಗಿಯೇ ಬರೆಯುತ್ತಾರೆ. ಫೋನಿನಲ್ಲೂ ತಕ್ಷಣ ಹೇಳುತ್ತಾರೆ. ಆ ನಂಬರನ್ನು ಪರಿಷತ್ತಿನ ಜಾಲತಾಣದಲ್ಲಿ ಹಾಕಿ ಹುಡುಕಿ.

ಹುಡುಕುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು, "ಆರ್‌ಸಿಐ ರಿಜಿಸ್ಟರ್ಡ್" ಅಂದ ತಕ್ಷಣ ಒಪ್ಪಿಬಿಡುವುದು. ವಿಶೇಷ ಶಿಕ್ಷಕರು, ಶ್ರವಣ ತಜ್ಞರು, ವಾಕ್ ತಜ್ಞರು, ಎಲ್ಲರೂ ಅದೇ ಪಟ್ಟಿಯಲ್ಲಿರುತ್ತಾರೆ. ಹೆಸರಿನ ಪಕ್ಕದಲ್ಲಿ ಯಾವ ವರ್ಗ ಅಂತ ಬರೆದಿರುತ್ತದೆ, ಅದನ್ನು ಓದಿ. ಎರಡನೆಯದು, ದಿನಾಂಕ ನೋಡದೇ ಇರುವುದು. ನೋಂದಣಿ ಶಾಶ್ವತವಲ್ಲ, ಕಾಲಕಾಲಕ್ಕೆ ನವೀಕರಿಸಬೇಕು. ಅದಕ್ಕೆ ಆ ಅವಧಿಯಲ್ಲಿ ಮರುತರಬೇತಿ ಪಡೆದಿರಬೇಕು. ಅವಧಿ ಮುಗಿದಿದ್ದರೆ ಕಾರಣ ಕೇಳಿ. ಎಷ್ಟೋ ಸಲ ನವೀಕರಣದ ಅರ್ಜಿ ಹಾಕಿ ಕಾಯುತ್ತಿರುತ್ತಾರೆ, ಹಾಗಿದ್ದರೆ ಅದನ್ನೇ ಹೇಳುತ್ತಾರೆ.

4. ಯಾವ ಪರೀಕ್ಷೆ ಅಂತ ಕೇಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಮೋಸ ಅಲ್ಲದಿದ್ದರೂ ಗೊಂದಲವಂತೂ ಗ್ಯಾರಂಟಿ.

ನಮ್ಮ ಕಡೆ ಜಾಸ್ತಿ ಕೇಳಿಬರುವ ಹೆಸರು ಬಿನೆ-ಕಾಮತ್ ಪರೀಕ್ಷೆ, ಚಿಕ್ಕದಾಗಿ ಬಿಕೆಟಿ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಫ್ರಾನ್ಸಿನ ಬಿನೆ ಅವರ ಹೆಸರಿನ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಅಂದರೆ ಭಾರತದಲ್ಲಿ ಐಕ್ಯೂ ಪರೀಕ್ಷೆ ಕಾಲೂರಿದ ಮೊದಮೊದಲ ಭಾಷೆಗಳಲ್ಲಿ ನಮ್ಮದೂ ಒಂದು. ಹೆಮ್ಮೆಯ ವಿಷಯವೇ. ಆದರೆ ಅದರ ಲೆಕ್ಕ ಹಳೆಯದು. ಮಗುವಿನ "ಮಾನಸಿಕ ವಯಸ್ಸನ್ನು" ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಎಂಟು ವರ್ಷದ ಮಗು ಹತ್ತು ವರ್ಷದವರ ಪ್ರಶ್ನೆ ಬಿಡಿಸಿದರೆ 125.

ಎರಡನೆಯದು ಮಾಲಿನ್ ಪರೀಕ್ಷೆ, ಎಂಐಎಸ್‌ಐಸಿ. ಅಮೆರಿಕದ ವೆಕ್ಸ್ಲರ್ ಪರೀಕ್ಷೆಯನ್ನು ನಾಗಪುರದಲ್ಲಿ ಮಾಲಿನ್ ಅವರು ಭಾರತದ ಮಕ್ಕಳಿಗೆ ಹೊಂದಿಸಿದ್ದು, 1969ರದ್ದು. 6ರಿಂದ 15 ವರ್ಷದವರಿಗೆ. ಮೂರನೆಯದು ಡಬ್ಲ್ಯೂಐಎಸ್‌ಸಿ-4 ಇಂಡಿಯಾ, ಬಾಯಲ್ಲಿ "ವಿಸ್ಕ್". ಇದರಲ್ಲಿ ಮಗುವನ್ನು ಅದೇ ವಯಸ್ಸಿನ ಭಾರತೀಯ ಮಕ್ಕಳ ಜೊತೆ ಹೋಲಿಸುತ್ತಾರೆ. ಸರಾಸರಿ 100. 130 ದಾಟಿದವರು ನೂರಕ್ಕೆ ಸುಮಾರು ಇಬ್ಬರು. "ಗಿಫ್ಟೆಡ್" ಅನ್ನುವ ಪದಕ್ಕೆ ಸಾಮಾನ್ಯವಾಗಿ ಹಾಕುವ ಗೆರೆ ಅದೇ. ನಾಲ್ಕನೆಯದು ರೇವನ್ಸ್: ಮಾತಿಲ್ಲ, ಬರೀ ಚಿತ್ರದ ಒಗಟು. ಒಂದು ವಿನ್ಯಾಸದಲ್ಲಿ ತುಂಡೊಂದು ಕಾಣೆಯಾಗಿರುತ್ತದೆ, ಸರಿಯಾದದ್ದನ್ನು ಆರಿಸಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹೋಲಿಕೆಯ ಪಟ್ಟಿ, ಅಂದರೆ ನಿಮ್ಮ ಮಗುವನ್ನು ಹೋಲಿಸಲು ಇಟ್ಟುಕೊಂಡ ಬೇರೆ ಮಕ್ಕಳ ಅಂಕಗಳ ಪಟ್ಟಿ, ಹಳೆಯದಾದಷ್ಟೂ ಅಂಕ ಉಬ್ಬುತ್ತದೆ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕ ಏರುತ್ತಲೇ ಬಂದಿದೆ. ಹತ್ತು ವರ್ಷಕ್ಕೆ ಸರಿಸುಮಾರು ಮೂರು ಅಂಕ ಅಂತ ಒಂದು ಲೆಕ್ಕ, ಇದಕ್ಕೆ ಫ್ಲಿನ್ ಪರಿಣಾಮ ಅಂತ ಹೆಸರು. ಹಾಗಾಗಿ ಬಿಕೆಟಿಯಲ್ಲಿ 142 ಬಂದ ಮಗುವಿಗೆ ವಿಸ್ಕ್‌ನಲ್ಲಿ 126 ಬಂದರೆ ಮಗು ದಡ್ಡ ಆಗಲಿಲ್ಲ. ಅಳತೆಗೋಲು ಬದಲಾಯಿತು, ಅಷ್ಟೇ. ಇದನ್ನು ನಿಮಗೆ ತಾನಾಗಿಯೇ ವಿವರಿಸುವವರು ಸಿಕ್ಕರೆ, ಅರ್ಧ ಕೆಲಸ ಆಯಿತು ಅಂದುಕೊಳ್ಳಿ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು: ಯಾವ ಪರೀಕ್ಷೆ ಮಾಡುತ್ತೀರಿ? ಇದನ್ನು ಮಾಡಲು ಎಲ್ಲಿ ಕಲಿತಿರಿ? ಯಾವ ವರ್ಷದ ಹೋಲಿಕೆ ಪಟ್ಟಿ? ನಿಮ್ಮ ಹತ್ತಿರ ಅಸಲಿ ಕಿಟ್ ಇದೆಯೇ? ಕೊನೆಯ ಪ್ರಶ್ನೆ ಕೇಳಲು ಮುಜುಗರ, ಆದರೂ ಕೇಳಿ. ಜೆರಾಕ್ಸ್ ಮಾಡಿದ ರೇವನ್ಸ್ ಪುಸ್ತಕ ನಾನೇ ನೋಡಿದ್ದೇನೆ. ಗೆರೆಗಳು ಒಂದರೊಳಗೊಂದು ಕಲೆಸಿಹೋಗಿ, ದೊಡ್ಡವರಿಗೇ ಯಾವ ತುಂಡು ಅಂತ ಗೊತ್ತಾಗುವ ಹಾಗಿರಲಿಲ್ಲ.

ಎಚ್ಚರಿಕೆ: ಬೆರಳಚ್ಚಿನ ಪರೀಕ್ಷೆ. ಡಿಎಂಐಟಿ ಅನ್ನುತ್ತಾರೆ. ಹತ್ತು ಬೆರಳು ಸ್ಕ್ಯಾನ್ ಮಾಡಿ, ಬಣ್ಣಬಣ್ಣದ ನಲವತ್ತು ಪುಟದ ಪುಸ್ತಕ ಕೊಟ್ಟು, ನಿಮ್ಮ ಮಗು ಐಎಎಸ್ ಆಗುತ್ತದೋ ಸಂಗೀತಗಾರ ಆಗುತ್ತದೋ ಹೇಳುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಭಾರತೀಯ ಮನೋವೈದ್ಯರ ಸಂಘವೂ ಇದನ್ನೇ ಹೇಳಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ "ಮಿಡ್‌ಬ್ರೈನ್" ತರಗತಿಗಳೂ ಇದೇ ಸಾಲಿಗೆ. ಶಾಲೆಯಲ್ಲೇ ಕ್ಯಾಂಪ್ ಹಾಕಿದ್ದಾರೆ ಅಂದ ಮಾತ್ರಕ್ಕೆ ನಂಬಬೇಡಿ.

5. ಚುರುಕು ಮಕ್ಕಳ ಅನುಭವ ಇದೆಯೇ, ಮಗುವಿನ ಮಾತು ಬರುತ್ತದೆಯೇ

ಓದು ಇದೆ, ನೋಂದಣಿ ಇದೆ, ಕಿಟ್ ಇದೆ. ಆದರೂ ಒಂದು ತೊಡಕು. ನಮ್ಮಲ್ಲಿ ಬಹುತೇಕ ಸೈಕಾಲಜಿಸ್ಟ್‌ಗಳ ದಿನ ಕಳೆಯುವುದು ಬುದ್ಧಿಮಾಂದ್ಯತೆಯ ಪ್ರಮಾಣಪತ್ರ, ಕಲಿಕಾ ತೊಂದರೆ, ಆಟಿಸಂ ಇವುಗಳಲ್ಲಿ. ಅದು ಅವರ ತಪ್ಪಲ್ಲ, ಬರುವ ಜನ ಹಾಗೆ. ಆದರೆ 90ರ ಕೆಳಗಿನ ಅಂಕ ಓದುವ ಕಣ್ಣು ಬೇರೆ, 130ರ ಮೇಲಿನದನ್ನು ಓದುವ ಕಣ್ಣು ಬೇರೆ.

ಒಂದು ಉದಾಹರಣೆ ಕೊಡುತ್ತೇನೆ. ವಿಸ್ಕ್-4ರಲ್ಲಿ ನಾಲ್ಕು ಭಾಗಗಳ ಅಂಕ ಬೇರೆ ಬೇರೆ ಬರುತ್ತದೆ: ಮಾತಿನ ಗ್ರಹಿಕೆ, ನೋಡಿ ತರ್ಕಿಸುವುದು, ನೆನಪಿನಲ್ಲಿಟ್ಟು ಕೆಲಸ ಮಾಡುವುದು, ವೇಗ. ಒಂದು ಮಗುವಿಗೆ ಕ್ರಮವಾಗಿ 138, 132, 110, 94 ಬಂತು ಅಂದುಕೊಳ್ಳಿ. ನಾಲ್ಕನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡಿದರೆ ಮಗು "ಪರವಾಗಿಲ್ಲ, ಬುದ್ಧಿವಂತ" ಅಂತ ಕಾಣುತ್ತದೆ. ಅನುಭವ ಇದ್ದವರು ಆ ಸಂಖ್ಯೆಯ ಮೇಲೆ ಕೂರುವುದಿಲ್ಲ. ಮೊದಲ ಎರಡು ಭಾಗಗಳಿಂದ ಜಿಎಐ ಅನ್ನುವ ಇನ್ನೊಂದು ಅಂಕ ತೆಗೆಯುತ್ತಾರೆ, ಅಂದರೆ ವೇಗ ಮತ್ತು ತಾತ್ಕಾಲಿಕ ನೆನಪು ಬಿಟ್ಟು ಬರೀ ಯೋಚನಾ ಶಕ್ತಿ. ಆಮೇಲೆ ವೇಗ ಯಾಕೆ 94 ಅಂತ ಹುಡುಕುತ್ತಾರೆ. ಮಗು ತಪ್ಪಾಗಬಾರದು ಅಂತ ಮೂರು ಮೂರು ಸಲ ನೋಡಿತೇ? ಪೆನ್ಸಿಲ್ ಹಿಡಿಯುವುದೇ ಕಷ್ಟವೇ? ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಏನಾದರೂ ಇದೆಯೇ? ಪ್ರತಿಭೆಯೂ ಇದ್ದು ತೊಂದರೆಯೂ ಇರುವ ಮಕ್ಕಳಿಗೆ "ಟ್ವೈಸ್ ಎಕ್ಸೆಪ್ಶನಲ್" ಅನ್ನುತ್ತಾರೆ. ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ, ಮನೆಯವರಿಗೆ ಎರಡೂ ಕಾಣುವುದಿಲ್ಲ.

ಆದ್ದರಿಂದ ನೇರವಾಗಿ ಕೇಳಿ: "ತುಂಬಾ ಚುರುಕಿರುವ ಮಕ್ಕಳನ್ನು ಕಳೆದ ವರ್ಷ ಎಷ್ಟು ಜನರನ್ನು ನೋಡಿದ್ದೀರಿ? ಭಾಗಗಳ ನಡುವೆ ದೊಡ್ಡ ಅಂತರ ಬಂದರೆ ಏನು ಮಾಡ್ತೀರಿ?" ಮೊದಲ ಪ್ರಶ್ನೆಗೆ "ಜಾಸ್ತಿ ಇಲ್ಲ" ಅಂದರೆ ಬೇಸರ ಬೇಡ, ಪ್ರಾಮಾಣಿಕರು. ಎರಡನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ.

ಇನ್ನು ಭಾಷೆ. ಹೊಸನಗರದ ಕಡೆಯ ಮಗು ಮನೆಯಲ್ಲಿ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಮಾತಾಡುತ್ತದೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತದೆ, ಆಟ ಕನ್ನಡದಲ್ಲಿ. ಇಂಥ ಮಗುವಿಗೆ ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲೇ ಮಾತಿನ ಪರೀಕ್ಷೆ ಮಾಡಿದರೆ, ಅಳೆದದ್ದು ಬುದ್ಧಿಯನ್ನೋ ಇಂಗ್ಲಿಷನ್ನೋ? ಪರೀಕ್ಷಕರಿಗೆ ಕನ್ನಡ ಬರಬೇಕು. ಮಾತಿನ ಜೊತೆಗೆ ರೇವನ್ಸ್‌ನಂಥ ಮಾತಿಲ್ಲದ ಪರೀಕ್ಷೆಯನ್ನೂ ಮಾಡಬೇಕು. ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದರು ಅನ್ನುವುದು ವರದಿಯಲ್ಲಿ ಇರಲೇಬೇಕು. ನನಗೆ ಕೇಳಿದರೆ, ಎರಡು ಡಿಗ್ರಿ ಜಾಸ್ತಿ ಇದ್ದು ಕನ್ನಡ ಬಾರದವರಿಗಿಂತ, ಕನ್ನಡ ಬಲ್ಲ ನೋಂದಾಯಿತ ಸೈಕಾಲಜಿಸ್ಟೇ ಮೇಲು.

6. ಎಲ್ಲಿಗೆ ಹೋಗುವುದು

ಶಿವಮೊಗ್ಗದಲ್ಲೇ ಶುರು ಮಾಡಿ. ಶಿಮೊಗಾ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಈಗ ಇದ್ದಾರಾ ಅಂತ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೂ ಸೈಕಾಲಜಿಸ್ಟ್ ಹುದ್ದೆ ಇರುತ್ತದೆ. ಹುದ್ದೆ ಇದೆ ಅಂದರೆ ಜನ ಇದ್ದಾರೆ ಅಂತಲ್ಲ, ಹೋಗುವ ಮೊದಲು ಕೇಳಿಕೊಳ್ಳಿ. ಖಾಸಗಿಯವರೂ ಊರಲ್ಲಿದ್ದಾರೆ. ಮೇಲೆ ಹೇಳಿದ ಎಲ್ಲ ತಪಾಸಣೆಯೂ ಅವರಿಗೂ ಅನ್ವಯ.

ಇಲ್ಲಿ ಆಗಲಿಲ್ಲ ಅಂದರೆ ಮೂರು ಸರ್ಕಾರಿ ದಾರಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಕ್ಲಿನಿಕಲ್ ಸೈಕಾಲಜಿ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಸಾಗರದ ಕಡೆಯವರಿಗೆ ತಾಳಗುಪ್ಪ–ಮೈಸೂರು ರೈಲು ಇರುವುದರಿಂದ ಮೈಸೂರು ಅನುಕೂಲ. ನಿಮ್ಹಾನ್ಸ್‌ನಲ್ಲಿ ಮೊದಲ ದಿನವೇ ಪರೀಕ್ಷೆ ಆಗಿಬಿಡುತ್ತದೆ ಅಂತ ಲೆಕ್ಕ ಹಾಕಬೇಡಿ. ಮೊದಲು ನೋಂದಣಿ, ಆಮೇಲೆ ವೈದ್ಯರ ಭೇಟಿ, ಆಮೇಲೆ ಪರೀಕ್ಷೆಗೆ ದಿನಾಂಕ. ಎರಡು ಸಲ ಓಡಾಟಕ್ಕೆ ತಯಾರಿರಿ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ವಿಧಾನದ ಮೇಲೆ ಕೆಲಸ ಮಾಡಿದೆ. ಪುಣೆಯ ಜ್ಞಾನ ಪ್ರಬೋಧಿನಿ 1962ರಿಂದ ಇದೇ ಕ್ಷೇತ್ರದಲ್ಲಿದೆ. ನಿಮ್ಮ ಪರೀಕ್ಷಕರು ಇಂಥ ಕಡೆ ಕಲಿತಿದ್ದರೆ, ಕೆಲಸ ಮಾಡಿದ್ದರೆ ಒಳ್ಳೆಯ ಸೂಚನೆ. ಬರೀ ಒಂದು ದಿನದ ಕಾರ್ಯಾಗಾರದಲ್ಲಿ ಕೂತು ಬಂದ ಸರ್ಟಿಫಿಕೇಟ್ ಗೋಡೆಯ ಮೇಲಿದ್ದರೆ, ಅದು ಗೋಡೆಗೆ ಚೆಂದ.

7. ಪರೀಕ್ಷೆಯ ದಿನ

ಮುಂಜಾನೆ ಐದಕ್ಕೆ ಎಬ್ಬಿಸಿ ರೈಲು ಹತ್ತಿಸಿ, ಹನ್ನೊಂದಕ್ಕೆ ಪರೀಕ್ಷೆಗೆ ಕೂರಿಸಬೇಡಿ. ತೀರ್ಥಹಳ್ಳಿ ರಸ್ತೆಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದ ಮಗುವೂ ಅಷ್ಟೇ. ಹಿಂದಿನ ದಿನವೇ ಹೋಗಿ ಉಳಿಯಿರಿ. ನೆಗಡಿ ಜ್ವರ ಇದ್ದರೆ ದಿನಾಂಕ ಮುಂದಕ್ಕೆ ಹಾಕಿ. ಮಳೆಗಾಲದಲ್ಲಿ ನಮ್ಮ ಮಕ್ಕಳಿಗೆ ಮೂಗು ಸೋರದ ವಾರವೇ ಇರುವುದಿಲ್ಲ, ಆದ್ದರಿಂದ ದೀಪಾವಳಿ ಕಳೆದ ಮೇಲೆ ದಿನ ಕೇಳಿಕೊಳ್ಳುವುದು ಜಾಣತನ.

ಒಳ್ಳೆಯ ಪರೀಕ್ಷಕರು ಮಗುವನ್ನು ಕರೆಯುವ ಮೊದಲು ನಿಮ್ಮ ಜೊತೆ ಮಾತಾಡುತ್ತಾರೆ. ಹುಟ್ಟಿನಿಂದ ಇಲ್ಲಿವರೆಗಿನ ಕಥೆ, ಶಾಲೆ, ನಿದ್ದೆ, ಸ್ನೇಹಿತರು, ಕಣ್ಣು ಕಿವಿ ತಪಾಸಣೆ. ಆಮೇಲೆ ಮಗುವನ್ನು ಒಂಟಿಯಾಗಿ ಕೂರಿಸಿಕೊಳ್ಳುತ್ತಾರೆ. ಕೆಂಪು ಬಿಳಿ ಬಣ್ಣದ ಘನಗಳು, ಚಿತ್ರಗಳು, ಸ್ಟಾಪ್‌ವಾಚ್. ಒಂದರಿಂದ ಒಂದೂವರೆ ಗಂಟೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಸಿ "ನಿಮ್ಮ ಮಗು 150" ಅಂದರೆ, ದುಡ್ಡು ಕೊಟ್ಟು ಸುಮ್ಮನೆ ಎದ್ದು ಬನ್ನಿ. ಆ ಕಾಗದ ಯಾವ ಶಾಲೆಗೂ ತೋರಿಸುವಂಥದ್ದಲ್ಲ.

ಪ್ರಶ್ನೆಗಳನ್ನು ಯೂಟ್ಯೂಬ್‌ನಲ್ಲಿ ಹುಡುಕಿ ಅಭ್ಯಾಸ ಮಾಡಿಸಬೇಡಿ. ಅಂಕ ಏರುತ್ತದೆ, ಅರ್ಥ ಇಳಿಯುತ್ತದೆ. ಅಂಕ ಕಡಿಮೆ ಬಂತು ಅಂತ ಮುಂದಿನ ತಿಂಗಳೇ ಇನ್ನೊಬ್ಬರ ಹತ್ತಿರ ಅದೇ ಪರೀಕ್ಷೆ ಮಾಡಿಸುವುದೂ ಬೇಡ. ಕನಿಷ್ಠ ಒಂದು ವರ್ಷ ಬಿಡಿ.

8. ವರದಿ ಕೈಗೆ ಬಂದಾಗ

ಇವಿಷ್ಟು ಇದೆಯಾ ನೋಡಿ: ಪರೀಕ್ಷೆಯ ಪೂರ್ತಿ ಹೆಸರು, ದಿನಾಂಕ, ಆ ದಿನ ಮಗುವಿನ ವಯಸ್ಸು ವರ್ಷ ಮತ್ತು ತಿಂಗಳಲ್ಲಿ, ಬಳಸಿದ ಭಾಷೆ, ಭಾಗವಾರು ಅಂಕ, ಮಗು ಹೇಗೆ ಕೆಲಸ ಮಾಡಿತು ಅನ್ನುವ ನಾಲ್ಕು ಮಾತು, ಶಾಲೆಗೆ ಸಲಹೆ, ಸಹಿ ಮತ್ತು ನೋಂದಣಿ ಸಂಖ್ಯೆ. ಅಂಕದ ಪಕ್ಕದಲ್ಲಿ "124ರಿಂದ 135" ಅಂತ ಒಂದು ವ್ಯಾಪ್ತಿ ಬರೆದಿದ್ದರೆ ತಪ್ಪು ತಿಳಿಯಬೇಡಿ. ಯಾವ ಪರೀಕ್ಷೆಗೂ ಕೆಲವು ಅಂಕ ಆಚೀಚೆ ಇದ್ದೇ ಇರುತ್ತದೆ. ಆ ವ್ಯಾಪ್ತಿ ಬರೆದವರೇ ಸರಿಯಾಗಿ ಕಲಿತವರು.

ಶಾಲೆಗೆ ಕೊಡುವಾಗ ಜೆರಾಕ್ಸ್ ಕೊಡಿ, ಮೂಲ ಪ್ರತಿ ಮನೆಯಲ್ಲಿರಲಿ. "ನಮಗೆ ಇದೆಲ್ಲ ಗೊತ್ತಿಲ್ಲ" ಅಂತ ಮುಖ್ಯೋಪಾಧ್ಯಾಯರು ಅಂದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೆಂಬಲ ಕೊಡುವ ಬಗ್ಗೆ ಪ್ರತ್ಯೇಕ ಭಾಗವೇ ಇದೆ, 4.43ರಿಂದ 4.46. ಜಗಳಕ್ಕಲ್ಲ, ಮಾತು ಶುರು ಮಾಡುವುದಕ್ಕೆ ಅದನ್ನು ತೋರಿಸಿ.

ಕೊನೆಗೆ, ಎಲ್ಲರೂ ಕೇಳುವ ಇನ್ನೊಂದು: ಮಗುವಿಗೆ ಏನಂತ ಹೇಳಿ ಕರೆದುಕೊಂಡು ಹೋಗುವುದು? "ಡಾಕ್ಟ್ರ ಹತ್ರ" ಅನ್ನಬೇಡಿ, ಇಂಜೆಕ್ಷನ್ ಅಂತ ಹೆದರುತ್ತದೆ. "ಪರೀಕ್ಷೆ" ಅಂತಲೂ ಬೇಡ. "ಒಬ್ಬರು ಆಂಟಿ ಇದ್ದಾರೆ, ಒಗಟು ಕೇಳ್ತಾರೆ, ಬ್ಲಾಕ್ಸ್ ಜೋಡಿಸೋದಿರುತ್ತೆ. ಕೆಲವು ಸುಲಭ, ಕೆಲವು ದೊಡ್ಡವರಿಗೂ ಕಷ್ಟ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಬಹುದು" ಅನ್ನಿ. ಹೊರಬಂದ ಮೇಲೆ "ಎಷ್ಟು ಸರಿ ಹೇಳಿದೆ?" ಅಂತ ಕೇಳದೆ, ಮೊದಲು ಏನಾದರೂ ತಿನ್ನಲು ಕೊಡಿಸಿ. ಅಷ್ಟು ಹೊತ್ತು ತಲೆ ಓಡಿಸಿ ಬಂದ ಮಗುವಿಗೆ ಹೊಟ್ಟೆ ಹಸಿದಿರುತ್ತದೆ.